ಶಾಲೆ ಮುಚ್ಚಿದ ಕಾಲದಲ್ಲಿ ಹದಿಹರೆಯದ ಮಗಳ ಆತಂಕ: ಮನೆಯವರು ಮಾಡಬೇಕಾದ್ದು

2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ನಾನು ಕೋಲಾರ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ, ಕೊನೆಗೆ ಜೂನ್ 25ರಂದು ಆರಂಭವಾಯಿತು. ನಡುವಿನ ಮೂರು ತಿಂಗಳಲ್ಲಿ ನನ್ನ ವಿದ್ಯಾರ್ಥಿನಿಯರು ಅಪ್ಪನದೋ ಅಣ್ಣನದೋ ಫೋನಿನಿಂದ ಕರೆ ಮಾಡಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮಿಸ್, ಪರೀಕ್ಷೆ ನಡೆಯುತ್ತಾ?" ಸ್ವಲ್ಪ ಹೊತ್ತು ಸುಮ್ಮನೆ ಮಾತಾಡಿಸಿದರೆ ಉಳಿದದ್ದೂ ಹೊರಗೆ ಬರುತ್ತಿತ್ತು. ರಾತ್ರಿ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಕುಳಿತಲ್ಲೇ ಎದೆ ಹೊಡೆದುಕೊಳ್ಳುತ್ತದೆ, ಎರಡು ತಿಂಗಳಿಂದ ಮುಟ್ಟಾಗಿಲ್ಲ. ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ತೊಂದರೆಗಳೆಂದು ಆ ಹುಡುಗಿಯರಿಗೂ ತಿಳಿದಿರಲಿಲ್ಲ, ಅವರ ಮನೆಯವರಿಗೂ ತಿಳಿದಿರಲಿಲ್ಲ.

ಕೊರೊನಾದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣ ಶೇ 25ರಷ್ಟು ಹೆಚ್ಚಿತೆಂದೂ, ಅದರ ಹೊರೆ ಎಳೆಯರ ಮತ್ತು ಹೆಣ್ಣುಮಕ್ಕಳ ಮೇಲೆ ಹೆಚ್ಚಾಗಿ ಬಿದ್ದಿತೆಂದೂ ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಅಂಥ ಕಾಲ ಮತ್ತೊಮ್ಮೆ ಬಂದರೆ ತಾಯಂದಿರು, ಅಜ್ಜಿಯರು, ಅಕ್ಕಂದಿರು ಏನು ಮಾಡಬಹುದೆಂದು ಆ ದಿನಗಳ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಮನವರಿಕೆಯಾದ ಸಂಗತಿ ಇಷ್ಟು: ಶಾಲೆ ಮುಚ್ಚಿದಾಗ ಹುಡುಗಿಯ ಕೈಯಿಂದ ಮೊದಲು ಜಾರಿಹೋಗುವುದು ಅವಳದೇ ಆದ ಹೊತ್ತು. ಅದನ್ನು ಅವಳಿಗೆ ಮರಳಿಸಿಕೊಡದೆ ಎಷ್ಟು ಧೈರ್ಯ ಹೇಳಿದರೂ ಅವಳ ಆತಂಕ ಇಳಿಯುವುದಿಲ್ಲ.

ಮೊದಲು ಮೈಯನ್ನು ನೋಡಿ

ಹದಿನಾಲ್ಕು, ಹದಿನೈದರ ಹುಡುಗಿ "ನನಗೆ ಆತಂಕವಾಗುತ್ತಿದೆ" ಎಂದು ಹೇಳುವುದು ಬಹಳ ಅಪರೂಪ. ತಲೆನೋವು, ಹೊಟ್ಟೆ ತೊಳಸುವುದು, ಕೈಕಾಲು ತಣ್ಣಗಾಗುವುದು, ಸಣ್ಣ ಮಾತಿಗೂ ಸಿಡುಕುವುದು, ತಮ್ಮನ ಮೇಲೆ ರೇಗಿ ಆಮೇಲೆ ಹಿತ್ತಲಲ್ಲಿ ಕುಳಿತು ಅಳುವುದು, ಈ ರೂಪಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಹುಡುಗಿ ಸೊಕ್ಕು ಮಾಡುತ್ತಿದ್ದಾಳೆ, ಕೆಲಸಕ್ಕೆ ಕಳ್ಳಬೀಳುತ್ತಿದ್ದಾಳೆ ಎಂದು ಮನೆಯವರು ತಿಳಿಯುವುದು ಇಲ್ಲಿಯೇ.

ಇದೆಲ್ಲವನ್ನೂ ಮನಸ್ಸಿನ ಖಾತೆಗೆ ಹಾಕುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆಯಿಂದಲೂ ಎದೆ ಹೊಡೆದುಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಸುಸ್ತಾಗುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ. ಹನ್ನೆರಡು ದಾಟಿದ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಥೈರಾಯ್ಡ್ ಏರುಪೇರಾದರೂ ಇಂಥವೇ ಲಕ್ಷಣಗಳು ಕಾಣುವುದರಿಂದ, ಆ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ಕೇಳುವುದು ಒಳ್ಳೆಯದು. ಒಂದು ಕಾರಣ ಕಂಡಿತೆಂದು ಇನ್ನೊಂದನ್ನು ಕೈಬಿಡಬಾರದು. ರಕ್ತವೂ ಕಡಿಮೆ ಇದ್ದು ಆತಂಕವೂ ಇರುವ ಹುಡುಗಿಯರೇ ನನ್ನ ತರಗತಿಯಲ್ಲಿ ಹೆಚ್ಚಾಗಿದ್ದರು.

ಸಾಂಕ್ರಾಮಿಕದ ಕಾಲದಲ್ಲಿ ಇನ್ನೊಂದು ತೊಡಕಿದೆ. ಉಸಿರು ಸಾಲದಂತೆ ಅನ್ನಿಸಿದ ಕೂಡಲೇ ಹುಡುಗಿಗೆ ರೋಗವೇ ತಗುಲಿತೆಂಬ ಭಯ ಹುಟ್ಟುತ್ತದೆ, ಆ ಭಯದಿಂದ ಉಸಿರು ಮತ್ತಷ್ಟು ಮೇಲಕ್ಕೆಳೆಯುತ್ತದೆ. ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ, ಅವಳನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆರಳು ಬೆಚ್ಚಗಾದ ಮೇಲೆ ಒಮ್ಮೆ ನೋಡಬೇಕು. ಆಮ್ಲಜನಕದ ಅಂಕಿ 94ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅಂಕಿ ಸರಿಯಿದ್ದು, ಜ್ವರ ಕೆಮ್ಮು ಇಲ್ಲದಿದ್ದರೆ ಉಪಕರಣವನ್ನು ಎತ್ತಿಡಬೇಕು. ಗಂಟೆಗೊಮ್ಮೆ ಬೆರಳಿಗೆ ಸಿಕ್ಕಿಸಿಕೊಂಡು ನೋಡುವ ಹುಡುಗಿಗೆ ಅದು ನೆಮ್ಮದಿ ಕೊಡುವ ಬದಲು ಅನುಮಾನವನ್ನೇ ಬೆಳೆಸುತ್ತದೆ. ಕೈ ತೊಳೆಯುವ ವಿಷಯವೂ ಹೀಗೆಯೇ. ಹೊರಗಿನಿಂದ ಬಂದಾಗ, ಊಟಕ್ಕೆ ಮೊದಲು, ಶೌಚದ ನಂತರ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಿದರೆ ಸಾಕು. ಚರ್ಮ ಬಿರಿಯುವಷ್ಟು ತೊಳೆಯುತ್ತಿದ್ದರೆ, ತೊಳೆದ ಮೇಲೂ ತೃಪ್ತಿಯಾಗದೆ ಮತ್ತೆ ಮತ್ತೆ ನಲ್ಲಿಗೆ ಹೋಗುತ್ತಿದ್ದರೆ, ಅದು ವೈದ್ಯರಿಗೆ ಹೇಳಬೇಕಾದ ಸಂಗತಿ.

ರೋಗದ ಮಾತನ್ನು ಮುಚ್ಚಿಡಬೇಡಿ

ದೊಡ್ಡವರು ಅಡುಗೆಮನೆಯಲ್ಲಿ ಪಿಸುಗುಟ್ಟುವುದು ಮಕ್ಕಳ ಕಿವಿಗೆ ಅರ್ಧ ಬೀಳುತ್ತದೆ, ಉಳಿದರ್ಧವನ್ನು ಅವರು ವಾಟ್ಸಾಪಿನಿಂದ ತುಂಬಿಕೊಳ್ಳುತ್ತಾರೆ. ಅದಕ್ಕಿಂತ ನಮಗೆ ತಿಳಿದಷ್ಟನ್ನು ನೇರವಾಗಿ ಹೇಳುವುದು ಮೇಲು. ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಇದು ಬಹಳ ಸುಲಭ. ಹುಳುಮನೆಗೆ ಹೊರಗಿನವರನ್ನು ಏಕೆ ಬಿಡುವುದಿಲ್ಲ, ಒಳಗೆ ಹೋಗುವ ಮೊದಲು ಕೈಕಾಲು ಏಕೆ ತೊಳೆಯುತ್ತೇವೆ, ಒಂದು ಬೆಳೆ ಮುಗಿದ ಮೇಲೆ ತಟ್ಟೆಗಳನ್ನೆಲ್ಲ ಏಕೆ ಸೋಂಕು ತೆಗೆದು ಒಣಗಿಸುತ್ತೇವೆ ಎಂಬುದು ಶಿಡ್ಲಘಟ್ಟ, ಚಿಂತಾಮಣಿಯ ಕಡೆಯ ಹುಡುಗಿಗೆ ಎಳವೆಯಿಂದಲೇ ಗೊತ್ತು. ರೋಗ ಹರಡುವ ದಾರಿಯನ್ನು ತಡೆದರೆ ಮನೆ ಉಳಿಯುತ್ತದೆ ಎಂಬ ಅದೇ ತಿಳಿವಳಿಕೆಯನ್ನು ಮನುಷ್ಯರ ರೋಗಕ್ಕೂ ಹೊಂದಿಸಿ ಹೇಳಿದರೆ, ಮಾಸ್ಕು ಮತ್ತು ಅಂತರ ಅವಳಿಗೆ ಭಯದ ಗುರುತಾಗದೆ ಕೈಯಲ್ಲಿರುವ ಉಪಾಯಗಳಾಗುತ್ತವೆ. ಸುದ್ದಿಯನ್ನು ದಿನಕ್ಕೊಮ್ಮೆ, ಹಗಲು ಹೊತ್ತಿನಲ್ಲಿ ಎಲ್ಲರೂ ಕೂಡಿ ನೋಡಿ ಟಿವಿ ಆರಿಸುವುದು ಒಳ್ಳೆಯದು.

ಮನೆಯಲ್ಲಿ ಸಾವಾಗಿದ್ದರೆ ಮಾತು ಇನ್ನೂ ಎಚ್ಚರದ್ದಾಗಬೇಕು. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯಲ್ಲಿ ಎಷ್ಟೋ ಮಕ್ಕಳು ಅಜ್ಜಿಯ, ಅಪ್ಪನ ಮುಖವನ್ನು ಕಡೆಯ ಬಾರಿ ನೋಡಲಾಗಲಿಲ್ಲ. ತನ್ನಿಂದಲೇ ರೋಗ ಮನೆಗೆ ಬಂತೇನೋ ಎಂಬ ಯೋಚನೆಯನ್ನು ಎದೆಯಲ್ಲಿ ಹೊತ್ತುಕೊಂಡೇ ತಿಂಗಳುಗಟ್ಟಲೆ ಓಡಾಡಿದ ಹುಡುಗಿಯನ್ನು ನಾನು ಬಲ್ಲೆ. "ನಿನ್ನಿಂದ ಆದದ್ದಲ್ಲಮ್ಮ" ಎಂಬ ಮಾತನ್ನು ಅವಳು ಕೇಳುವ ತನಕ ಕಾಯದೆ ನೀವೇ ಹೇಳಿ, ಒಮ್ಮೆ ಹೇಳಿ ಸುಮ್ಮನಾಗದೆ ಮತ್ತೆ ಮತ್ತೆ ಹೇಳಿ. ತಿಥಿಯ ಹೊತ್ತಿನಲ್ಲಿ ಹೂವಿಡುವ, ದೀಪ ಹಚ್ಚುವ, ಎಡೆ ಬಡಿಸುವ ಕೆಲಸದಲ್ಲಿ ಅವಳಿಗೂ ಪಾಲು ಕೊಡಿ.

ಅವಳ ಹೊತ್ತನ್ನು ಅವಳಿಗೆ ಬಿಟ್ಟುಕೊಡುವುದು

ಶಾಲೆ ನಡೆಯುತ್ತಿದ್ದಾಗ ಹುಡುಗಿಗೆ ದಿನದಲ್ಲಿ ಏಳೆಂಟು ಗಂಟೆ ಮನೆಯ ಹೊರಗಿನ ಬದುಕಿತ್ತು. ಬಸ್ಸಿಗೆ ಕಾಯುವುದು, ಗೆಳತಿಯ ಜಡೆ ಸರಿಮಾಡುವುದು, ಊಟದ ಡಬ್ಬಿ ಹಂಚಿಕೊಳ್ಳುವುದು ಎಲ್ಲವೂ ಅದರಲ್ಲಿ ಸೇರಿತ್ತು. ಶಾಲೆ ಮುಚ್ಚಿದ ದಿನವೇ ಆ ಗಂಟೆಗಳು ಮನೆಗೆಲಸಕ್ಕೆ ಸೇರಿಹೋದವು. ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಆಳು ಬರುವುದು ನಿಂತಿತ್ತು. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಬಾರಿ ಪೊರೆ ಬಿಡುವ ಹಂತದಿಂದ, ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟುವವರೆಗೆ ಸುಮಾರು ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಬೇಕಾಗುತ್ತದೆ. ಅವಳು ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಹಸುವಿನ ಕೊಟ್ಟಿಗೆ ಬಳಿದು, ಡೈರಿಗೆ ಹಾಲು ಹಾಕಿ ಬಂದು, ರಾತ್ರಿ ಹತ್ತರ ಮೇಲೆ ಪುಸ್ತಕ ತೆರೆಯುತ್ತಿದ್ದಳು. ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಆಗ ಹುಟ್ಟುತ್ತಿದ್ದ ಗಾಬರಿಯನ್ನು ಅವಳು "ನನಗೆ ಬುದ್ಧಿ ಮಂಕಾಗಿದೆ" ಎಂದು ಹೇಳಿಕೊಳ್ಳುತ್ತಿದ್ದಳು. ಅವಳ ಅಣ್ಣನ ಆನ್‌ಲೈನ್ ತರಗತಿಗೆ ಮಾತ್ರ ಫೋನೂ ಸಿಗುತ್ತಿತ್ತು, ಹೊತ್ತೂ ಸಿಗುತ್ತಿತ್ತು.

ಅವಳ ತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ. ಮಾರುಕಟ್ಟೆಗಳು ಮುಚ್ಚಿ, ಟೊಮೆಟೊ ತೋಟದಲ್ಲೇ ಕೊಳೆತು, ದುಡಿಮೆಯ ದಾರಿ ಕಡಿದುಹೋದ ದಿನಗಳವು. ಆದರೂ ಆ ಮನೆಯಲ್ಲಿ ನಾವು ಮಾಡಿದ ಸಣ್ಣ ಬದಲಾವಣೆಯಿಂದ ಬಹಳ ಪ್ರಯೋಜನವಾಯಿತು. ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ ಅವಳನ್ನು ಯಾವ ಕೆಲಸಕ್ಕೂ ಕರೆಯಬಾರದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿ, ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದು ಹಾಕಿದರು. ಬೆಳಗಿನದು ಓದಿಗೆ, ಸಂಜೆಯದನ್ನು ಹೇಗೆ ಕಳೆಯುತ್ತಾಳೋ ಅದು ಅವಳ ಇಷ್ಟ. ಮನೆಗೆಲಸದಲ್ಲಿ ಅಣ್ಣನಿಗೂ ಪಾಲು ಬಂತು. ಡೈರಿಗೆ ಹಾಲು ಹಾಕುವುದು ಅವನ ಪಾಲಿಗೆ ಬಿತ್ತು.

ನಿಮ್ಮ ಮನೆಯಲ್ಲಿ ಗಂಟೆಗಳು ಬೇರೆ ಇರಬಹುದು. ಮುಖ್ಯವಾದದ್ದು ಅವು ದಿನವೂ ಅದೇ ಹೊತ್ತಿಗೆ ಬರಬೇಕು, ಅತಿಥಿಗಳು ಬಂದರೂ ತಪ್ಪಬಾರದು. ಏಳುವುದು, ಉಣ್ಣುವುದು, ಮಲಗುವುದು ಕೂಡ ಶಾಲೆಯ ದಿನಗಳಿಗೆ ಹತ್ತಿರವಾಗಿಯೇ ಇರಲಿ. ಮುಂದೇನೆಂದು ಯಾರಿಗೂ ತಿಳಿಯದ ಕಾಲದಲ್ಲಿ, ಇವತ್ತು ಆರು ಗಂಟೆಗೆ ಏನಾಗುತ್ತದೆ ಎಂಬುದಾದರೂ ಅವಳಿಗೆ ಖಚಿತವಾಗಿ ತಿಳಿದಿರಬೇಕು. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದರ ಹೊತ್ತನ್ನೂ ಅಣ್ಣತಂಗಿಯರ ನಡುವೆ ಸಮನಾಗಿ ಹಂಚಿ ಅದೇ ಕ್ಯಾಲೆಂಡರಿನ ಮೇಲೆ ಬರೆಯಿರಿ. ಆಗ ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, 2020ರ ಆಗಸ್ಟ್‌ನಿಂದ ಕೆಲಕಾಲ ಸರ್ಕಾರದ ವಿದ್ಯಾಗಮ ಕಾರ್ಯಕ್ರಮದಲ್ಲಿ ನಾವು ಗುಡಿಯ ಅಂಗಳ, ಅರಳಿಕಟ್ಟೆಗಳಲ್ಲಿ ಪಾಠ ಮಾಡಿದೆವು. ಪಾಠಕ್ಕಿಂತಲೂ ಗೆಳತಿಯರ ಮುಖ ನೋಡುವುದಕ್ಕೇ ಹುಡುಗಿಯರು ಓಡಿ ಬರುತ್ತಿದ್ದರು. ಅಂಥ ಅವಕಾಶ ಇಲ್ಲದಿದ್ದರೆ ವಾರಕ್ಕೆ ಎರಡು ಬಾರಿಯಾದರೂ, ಒಬ್ಬಿಬ್ಬರು ಗೆಳತಿಯರೊಡನೆ, ಬಯಲಿನಲ್ಲಿ ಅಂತರವಿಟ್ಟುಕೊಂಡು ಕೂರಲು ಬಿಡಿ. ದೊಡ್ಡವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಅಗತ್ಯವಿಲ್ಲ.

ನಿದ್ದೆ ಮತ್ತು ಫೋನು

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ದೇಹದಲ್ಲಿ ತಡವಾಗಿ ಏರುವುದರಿಂದ ರಾತ್ರಿ ಬೇಗ ನಿದ್ದೆ ಹತ್ತದಿರುವುದು ಸೋಮಾರಿತನದ ಲಕ್ಷಣವಲ್ಲ. ಶಾಲೆಯಿಲ್ಲವೆಂದು ಬೆಳಗ್ಗೆ ಒಂಬತ್ತರವರೆಗೆ ಮಲಗಲು ಬಿಟ್ಟರೆ ಆ ಗಡಿಯಾರ ಇನ್ನೂ ಹಿಂದೆ ಬೀಳುತ್ತದೆ. ಏಳುವ ಹೊತ್ತನ್ನು ಒಂದೇ ಸಮನಾಗಿ ಇಟ್ಟು, ಎದ್ದ ಅರ್ಧ ಗಂಟೆಯೊಳಗೆ ಅವಳನ್ನು ಬಿಸಿಲಿಗೆ ಕರೆತನ್ನಿ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಹುಡುಗಿಗೆ ಇದು ಹೇಳಿಕೊಡಬೇಕಾದ ಕೆಲಸವೇ ಅಲ್ಲ. ಸಂಜೆ ನಾಲ್ಕರ ನಂತರ ಕಾಫಿ, ಟೀ ಬೇಡ. ಮಲಗುವುದಕ್ಕೆ ಒಂದು ಗಂಟೆ ಮೊದಲು ಮನೆಯ ಎಲ್ಲರ ಫೋನುಗಳೂ ಒಂದೇ ಕಡೆ ಚಾರ್ಜಿಗೆ ಹೋಗಲಿ. ಅಪ್ಪನ ಕೈಯಲ್ಲಿ ಫೋನ್ ಬೆಳಗುತ್ತಿರುವಾಗ ಮಗಳ ಕೈಯಿಂದ ಕಿತ್ತುಕೊಂಡರೆ ಆ ನಿಯಮ ಎರಡು ದಿನವೂ ನಿಲ್ಲುವುದಿಲ್ಲ.

ಫೋನಿನಲ್ಲಿ ಬೆಳ್ಳಗಿನ, ತೆಳ್ಳಗಿನ ಮುಖಗಳನ್ನೇ ನೋಡುತ್ತಾ ತನ್ನ ಮೈಯನ್ನು ಬೈದುಕೊಳ್ಳುವ ಅಭ್ಯಾಸ ಈ ದಿನಗಳಲ್ಲಿ ಹಳ್ಳಿಗೂ ಬಂದಿದೆ. ಮನೆಯಲ್ಲೇ ಇದ್ದು ಮೈ ಬಂದ ಹುಡುಗಿಯನ್ನು ನೋಡಿ ನೆಂಟರು "ಏನಮ್ಮ, ದುಂಡಗಾಗಿದೀಯಲ್ಲ" ಎಂದರೆ, ತಾಯಿ ಅಲ್ಲಿಯೇ ತಡೆದು ಮಾತು ಬದಲಿಸಬೇಕು. ಊಟ ಬಿಡುವುದು, ತಿಂದದ್ದನ್ನು ಕಕ್ಕಿಕೊಳ್ಳುವುದು ಕಂಡರೆ ಅದು ಡಯಟ್ ಎಂದು ಸುಮ್ಮನಿರಬಾರದು.

ಊಟ, ಮುಟ್ಟು, ಓಡಾಟ

ನಮ್ಮ ಊಟದಲ್ಲಿ ಬೇಕಾದದ್ದೆಲ್ಲ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮುದ್ದೆಯ ಜೊತೆ ಹುರುಳಿ ಬಸ್ಸಾರು, ಮಸ್ಸೊಪ್ಪು, ನುಗ್ಗೆಸೊಪ್ಪಿನ ಪಲ್ಯ, ಸಾಧ್ಯವಿದ್ದರೆ ಒಂದು ಮೊಟ್ಟೆ, ಸಾರಿಗೆ ಹಿಂಡಿದ ನಿಂಬೆಹಣ್ಣು ಇದ್ದರೆ ಸಾಕು. ನಿಂಬೆ ಮತ್ತು ನೆಲ್ಲಿಕಾಯಿಯ ಹುಳಿ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ, ಊಟದ ಹಿಂದೆಯೇ ಕುಡಿಯುವ ಟೀ ಅದನ್ನು ತಡೆಯುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಪದ್ಧತಿ ಮಗಳಿಗೆ ಬೇಡ, ಎಲ್ಲರ ಜೊತೆ ಅವಳೂ ಕೂರಲಿ.

ಶಾಲೆಯಲ್ಲಿ ವಾರಕ್ಕೊಂದು ಕೊಡುತ್ತಿದ್ದ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆರಡು ಬಾರಿಯ ಜಂತುಹುಳುವಿನ ಮಾತ್ರೆ ಶಾಲೆ ಮುಚ್ಚಿದಾಗ ತಪ್ಪಿಹೋಗುತ್ತವೆ. ಆಶಾ ಕಾರ್ಯಕರ್ತೆಯನ್ನು ಅಥವಾ ಅಂಗನವಾಡಿಯಲ್ಲಿ ಕೇಳಿ ಪಡೆಯಿರಿ. ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನೀರಿನಲ್ಲಿ ನುಂಗಬೇಕು, ಹಾಲು ಟೀ ಜೊತೆಗಲ್ಲ. ಮಲ ಕಪ್ಪಗಾದರೆ ಹೆದರಬೇಕಿಲ್ಲವೆಂದು ಮೊದಲೇ ಹೇಳಿ, ಇಲ್ಲದಿದ್ದರೆ ಅದೊಂದು ಹೊಸ ಆತಂಕವಾಗುತ್ತದೆ.

ಮುಟ್ಟಿನ ಬಗ್ಗೆ ಹುಡುಗಿಯರು ಹೆಚ್ಚು ಹೆದರುತ್ತಾರೆ, ಕಡಿಮೆ ಮಾತಾಡುತ್ತಾರೆ. ಹದಿಹರೆಯದಲ್ಲಿ ಒಂದು ಮುಟ್ಟಿನಿಂದ ಇನ್ನೊಂದಕ್ಕೆ 21ರಿಂದ 45 ದಿನ ಅಂತರವಿರುವುದು ಸಹಜ. ನಿದ್ದೆಗೆಟ್ಟರೆ, ಊಟ ಬಿಟ್ಟರೆ, ಮನಸ್ಸಿನ ಮೇಲೆ ಒತ್ತಡ ಬಿದ್ದರೆ ಅದು ಮುಂದಕ್ಕೆ ಹೋಗಬಹುದು. ಮೂರು ತಿಂಗಳು ಆಗದಿದ್ದರೆ, ಏಳು ದಿನಕ್ಕಿಂತ ಹೆಚ್ಚು ಹೋಗುತ್ತಿದ್ದರೆ, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ಹೋಗುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಅಂಗಡಿಗಳು ಮುಚ್ಚಿದಾಗ ಪ್ಯಾಡ್ ಸಿಗದೆ ಬಟ್ಟೆಗೆ ಮರಳಿದವರು ಅನೇಕರು. ಹತ್ತಿಯ ಬಟ್ಟೆ ಬಳಸುವುದರಲ್ಲಿ ತಪ್ಪೇನಿಲ್ಲ. ಅದನ್ನು ಸೋಪಿನಲ್ಲಿ ಒಗೆದು, ಬೇರೆ ಬಟ್ಟೆಗಳ ಕೆಳಗೆ ಬಚ್ಚಿಡದೆ ನೇರ ಬಿಸಿಲಿನಲ್ಲಿ ಒಣಹಾಕಬೇಕು. ಗಂಡಸರೆಲ್ಲ ಮನೆಯಲ್ಲೇ ಇರುವ ದಿನಗಳಲ್ಲಿ ಹುಡುಗಿ ನಾಚಿಕೊಂಡು ಒದ್ದೆ ಬಟ್ಟೆಯನ್ನೇ ಮತ್ತೆ ಬಳಸುವುದುಂಟು, ಆದ್ದರಿಂದ ಒಣಹಾಕುವ ಜಾಗವನ್ನು ತಾಯಿಯೇ ಗೊತ್ತುಮಾಡಿಕೊಡಬೇಕು. ಮುಟ್ಟಾದವಳನ್ನು ಹೊರಗೆ ಕೂರಿಸುವ ಪದ್ಧತಿ ಇರುವ ಮನೆಯವರಲ್ಲಿ ನನ್ನದೊಂದು ಕಳಕಳಿಯ ಬೇಡಿಕೆ: ಮೊದಲೇ ಒಂಟಿಯಾಗಿರುವ ಹುಡುಗಿಯನ್ನು ಆ ದಿನಗಳಲ್ಲಿ ಇನ್ನಷ್ಟು ಒಂಟಿ ಮಾಡಬೇಡಿ.

ಐದರಿಂದ ಹದಿನೇಳು ವರ್ಷದವರು ದಿನಕ್ಕೆ 60 ನಿಮಿಷ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಗೆಲಸದಲ್ಲಿ ಮೈ ದಣಿಯುತ್ತದೆ, ಮನಸ್ಸು ಅರಳುವುದಿಲ್ಲ. ತಾರಸಿಯ ಮೇಲೆ ಹಗ್ಗದಾಟ, ಅಂಗಳದಲ್ಲಿ ಕುಂಟೆಬಿಲ್ಲೆ, ತಂಗಿಯೊಡನೆ ಕೆರೆ ಏರಿಯ ಮೇಲೆ ಬಿರುಸಾದ ನಡಿಗೆ, ಯಾವುದಾದರೂ ಸರಿ.

ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾದಾಗ

ದಿಢೀರನೆ ಬರುವ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಸುತ್ತ ನಾಲ್ಕು ಜನ ಸೇರಿ ನೀರು ಚಿಮುಕಿಸುವುದು, ದೃಷ್ಟಿ ತೆಗೆಯಲು ಓಡಾಡುವುದು ಅವಳ ಗಾಬರಿಯನ್ನು ಹೆಚ್ಚಿಸುತ್ತದೆ. ಒಬ್ಬರು ಮಾತ್ರ ಪಕ್ಕದಲ್ಲಿ ಕುಳಿತು, ಮೆಲುದನಿಯಲ್ಲಿ "ನಾನಿಲ್ಲೇ ಇದೀನಮ್ಮ, ಇದು ಇಳಿಯುತ್ತೆ" ಎನ್ನಿ. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರೆಳೆದು, ಬಿಸಿ ಗಂಜಿಯನ್ನು ಆರಿಸುವಾಗ ಊದುವಂತೆ ಬಾಯಿಂದ ಆರು ಎಣಿಸುವಷ್ಟು ನಿಧಾನವಾಗಿ ಬಿಡಲು ಹೇಳಿ. ನೀವೂ ಅವಳ ಜೊತೆ ಮಾಡಿ. ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿಸಿ, ಕಣ್ಣಿಗೆ ಕಾಣುವ ಐದು ವಸ್ತುಗಳನ್ನು, ಕಿವಿಗೆ ಬೀಳುವ ಮೂರು ಸದ್ದುಗಳನ್ನು ಒಂದೊಂದಾಗಿ ಹೇಳಿಸಿ. ನೆಮ್ಮದಿಯಾಗಿರುವ ದಿನಗಳಲ್ಲೇ ಈ ಅಭ್ಯಾಸ ಮಾಡಿಸಿದ್ದರೆ ಬೇಕಾದಾಗ ಒದಗುತ್ತದೆ. ಎದೆಯಲ್ಲಿ ನೋವಿದ್ದರೆ, ತುಟಿ ನೀಲಿಗಟ್ಟಿದರೆ, ಎಚ್ಚರ ತಪ್ಪಿದರೆ ಇದನ್ನು ಗಾಬರಿಯೆಂದು ತಿಳಿಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮದುವೆಯ ಮಾತು

ಜನ ಸೇರುವಂತಿಲ್ಲ, ಖರ್ಚು ಕಡಿಮೆಯಾಗುತ್ತದೆ, ಓದೂ ನಿಂತಿದೆ, ಹೇಗಿದ್ದರೂ ಮಾಡಲೇಬೇಕು ಎಂಬ ಲೆಕ್ಕದಲ್ಲಿ ಲಾಕ್‌ಡೌನಿನಲ್ಲಿ ಮದುವೆಯ ಮಾತು ಎತ್ತಿದ ಮನೆಗಳನ್ನು ನಾನು ಕಂಡಿದ್ದೇನೆ. ಹುಡುಗಿಗೆ ಪರೀಕ್ಷೆಯ ಬಗ್ಗೆ ಇದ್ದ ಆತಂಕದ ಹಿಂದೆ ಎಷ್ಟೋ ಸಲ ಇದೇ ಇರುತ್ತಿತ್ತು: ಶಾಲೆ ತೆರೆಯದಿದ್ದರೆ ತನ್ನ ಓದು ಮುಗಿದಂತೆಯೇ ಎಂದು ಅವಳಿಗೆ ಗೊತ್ತಿತ್ತು. ಆದ್ದರಿಂದ "ಶಾಲೆ ತೆರೆದ ದಿನವೇ ನಿನ್ನನ್ನು ಕಳಿಸುತ್ತೇವೆ" ಎಂಬ ಮಾತನ್ನು ಅಪ್ಪ ಅಮ್ಮ ಇಬ್ಬರೂ ಅವಳೆದುರು ಹೇಳಬೇಕು. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿನ ಪ್ರಕಾರ ಅಪರಾಧ. ನೆರೆಮನೆಯಲ್ಲಿ ಅಂಥದ್ದು ನಡೆಯುವಂತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು. ಮನೆಯೊಳಗಿನವರಿಂದಲೇ ಹೊಡೆತ ಅಥವಾ ಕೆಟ್ಟ ಸ್ಪರ್ಶ ಎದುರಿಸುತ್ತಿರುವ ಹುಡುಗಿಯೂ ಈ ಸಂಖ್ಯೆಗೆ ತಾನೇ ಕರೆ ಮಾಡಬಹುದೆಂಬುದನ್ನು ಪ್ರತಿ ಹುಡುಗಿಗೂ ತಿಳಿಸಿರಬೇಕು.

ವೈದ್ಯರ ಬಳಿ ಹೋಗಬೇಕಾದಾಗ

ಆತಂಕ, ಅಳು, ನಿದ್ದೆಗೇಡು ಎರಡು ವಾರ ಬಿಡದೆ ಇದ್ದರೆ, ಸ್ನಾನ ಊಟಗಳಲ್ಲಿ ಆಸಕ್ತಿ ಹೋದರೆ, ಇಷ್ಟದ ಕೆಲಸವೂ ಬೇಡವಾದರೆ ಕಾಯಬಾರದು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ತಾಲ್ಲೂಕಿಗೆ ಬರುತ್ತಾರೆಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

"ಇರಬಾರದು ಅನ್ನಿಸುತ್ತೆ" ಎಂಬ ಮಾತು ಅವಳ ಬಾಯಿಂದ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವುದು ಹೊರಗೆ ಬರುತ್ತದೆ. ಅವಳನ್ನು ಒಂಟಿಯಾಗಿ ಬಿಡಬೇಡಿ. ಬೇಸಾಯದ ಮನೆಗಳಲ್ಲಿ ಟೊಮೆಟೊಗೋ ದ್ರಾಕ್ಷಿಗೋ ಹೊಡೆಯುವ ಔಷಧಿಯ ಡಬ್ಬಿಗಳು ಕೈಗೆ ಸಿಗುವಂತೆ ಇರುತ್ತವೆ. ಅವನ್ನು ಅಂದೇ ಬೀಗ ಹಾಕಿ ಇಡಿ, ಬೀಗದ ಕೈ ದೊಡ್ಡವರೊಬ್ಬರ ಬಳಿ ಇರಲಿ. ಅಜ್ಜನ ಬಿಪಿ, ಸಕ್ಕರೆಯ ಮಾತ್ರೆಗಳಿಗೂ ಇದೇ ಎಚ್ಚರಿಕೆ ಬೇಕು.

ಶಾಲೆ ತೆರೆದ ಮೇಲೆ

ಶಾಲೆ ತೆರೆದರೆ ಎಲ್ಲ ಸರಿಹೋಗುತ್ತದೆಂದು ನಾವು ಅಂದುಕೊಂಡಿದ್ದೆವು. 2021ರ ಆಗಸ್ಟ್ 23ರಂದು ಒಂಬತ್ತನೇ ತರಗತಿಯಿಂದ ಮೇಲಿನವರಿಗೆ ಬಾಗಿಲು ತೆರೆದಾಗ ಎಷ್ಟೋ ಹುಡುಗಿಯರು ಗೇಟಿನವರೆಗೆ ಬಂದು ನಿಂತುಬಿಟ್ಟರು. ಬರವಣಿಗೆಯ ವೇಗ ಹೋಗಿತ್ತು, ಕಳೆದ ವರ್ಷದ ಸಮವಸ್ತ್ರ ಬಿಗಿಯಾಗಿತ್ತು, ಮಾಸ್ಕ್ ತೆಗೆದು ಊಟ ಮಾಡಲು ಸಂಕೋಚವಾಗುತ್ತಿತ್ತು, ಜೊತೆಗೆ ಕೂರುತ್ತಿದ್ದ ಗೆಳತಿ ಬಂದಿರಲಿಲ್ಲ. ಹೊಟ್ಟೆನೋವೆಂದು ಮನೆಯಲ್ಲಿ ಉಳಿದವರಿಗೆ ಮರುದಿನ ಬರುವುದು ಇನ್ನೂ ಕಷ್ಟವಾಗುತ್ತಿತ್ತು. ತಪ್ಪಿಸಿಕೊಂಡಷ್ಟೂ ಆತಂಕ ಬಲಿಯುತ್ತದೆ.

ಆದ್ದರಿಂದ ಶಾಲೆ ತೆರೆಯುವುದಕ್ಕೆ ಎರಡು ವಾರ ಮೊದಲೇ ಏಳುವ ಹೊತ್ತನ್ನು ಹಿಂದಕ್ಕೆ ತನ್ನಿ, ದಿನಕ್ಕೆ ಒಂದು ಪುಟ ಕೈಯಲ್ಲಿ ಬರೆಸಿ. ಸಮವಸ್ತ್ರವನ್ನು ಮೊದಲೇ ತೊಡಿಸಿ ನೋಡಿ, ಬಿಗಿಯಾಗಿದ್ದರೆ ಏನೂ ಅನ್ನದೆ ಹೊಲಿಗೆ ಬಿಚ್ಚಿಸಿ. ಹಿಂದಿನ ಭಾನುವಾರ ಗೆಳತಿಯೊಬ್ಬಳ ಜೊತೆ ಶಾಲೆಯ ಗೇಟಿನವರೆಗೆ ನಡೆದು ಬರಲಿ. ಮೊದಲ ದಿನ ಹೋಗಲಾರೆನೆಂದು ಅತ್ತರೆ, ಮಧ್ಯಾಹ್ನದ ಊಟದವರೆಗಾದರೂ ಇದ್ದು ಬರುವಂತೆ ಒಪ್ಪಿಸಿ, ತರಗತಿಯ ಶಿಕ್ಷಕಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ತಿಳಿಸಿ. ಆ ಕರೆ ಬಂದ ಹುಡುಗಿಯರಿಗಾಗಿ ನಾನು ಎಂಟೂವರೆಗೇ ಗೇಟಿನ ಬಳಿ ನಿಂತಿರುತ್ತಿದ್ದೆ.